ಕಮಾನಿನ ಮೇಲಿಂದ ಬಂದ ಅಳು

೧೯೪೪ರಲ್ಲಿ ನಾನು ಇಟಲಿಯಲ್ಲಿದ್ದೆ. ಹುಬ್ಬಳ್ಳಿಯಲ್ಲಿ ಫಿಟರ್ ಆಗಿದ್ದವನು ಯುದ್ಧ ಶುರುವಾದ ಮೇಲೆ ಸೇನೆ ಸೇರಿ ಸ್ಯಾಪರ್ ತುಕಡಿಯ ಹವಾಲ್ದಾರನಾಗಿದ್ದೆ. ಸೇತುವೆ ಕಟ್ಟುವುದು, ರಸ್ತೆ ತೆರವು ಮಾಡುವುದು, ಬೇಕಾದಲ್ಲಿ ಮದ್ದಿಟ್ಟು ಒಡೆಯುವುದು ನಮ್ಮ ಕೆಲಸ. ನನ್ನ ಬಿಟ್ಟರೆ ಅಲ್ಲಿ ಕನ್ನಡ ಆಡುವವನು ಬೆಂಗೇರಿಯ ಮಡಿವಾಳಪ್ಪ ಒಬ್ಬನೇ.

ಎರಡು ಹಳ್ಳಿಗಳ ನಡುವಿನ ಕಣಿವೆಯಲ್ಲಿ ರೋಮನ್ನರು ಊರಿಗೆ ನೀರು ತರಲು ಕಟ್ಟಿದ ಮೇಲ್ಗಾಲುವೆಯೊಂದು ಪಾಳುಬಿದ್ದಿತ್ತು. ಸಾಲು ಸಾಲು ಎತ್ತರದ ಕಮಾನುಗಳು, ಅವುಗಳ ಮೇಲೆ ಮನುಷ್ಯ ಬಗ್ಗಿ ನಡೆಯಬಹುದಾದ, ಕಲ್ಲು ಮುಚ್ಚಿದ ಕಾಲುವೆ. ಫಿರಂಗಿಯ ಶೆಲ್ ಬಿದ್ದು ಒಂದು ಕಮಾನು ರಸ್ತೆಯತ್ತ ವಾಲಿತ್ತು. ಗಾಯಾಳುಗಳ ಲಾರಿಗಳಿಗೆ ಬೇರೆ ದಾರಿಯಿರಲಿಲ್ಲ. ಅದನ್ನು ಕೆಡವಲು ಆರ್ಡರ್ ಬಂತು.

ಹಳ್ಳಿಗಳು ಖಾಲಿಯಾಗಿದ್ದವು. ಒಬ್ಬ ಮುದುಕ ಮಾತ್ರ ಸಿಕ್ಕ. ಇಲ್ಲಿ ಯಾರಾದರೂ ಇದ್ದಾರೆಯೇ ಎಂದು ದುಭಾಷಿಯಿಂದ ಕೇಳಿಸಿದೆ. ಯಾರೂ ಇಲ್ಲವೆಂದು ತಲೆಯಾಡಿಸಿದ. ಅವನನ್ನು ಗುಡ್ಡದಾಚೆ ಕಳಿಸಿ, ವಾಲಿದ ಕಮಾನಿನ ಕಂಬದ ಬುಡಕ್ಕೆ ಮದ್ದು ತುಂಬಿ, ಬತ್ತಿಗೆ ಬೆಂಕಿ ಹಚ್ಚಿ, ಓಡಿ ಹೋಗಿ ಹಳ್ಳದಲ್ಲಿ ಮಲಗಿದೆವು.

"ಕಾದರಣ್ಣಾ, ಮ್ಯಾಲೆ ಕೂಸು ಅಳಾಕತ್ತೈತಿ," ಎಂದ ಮಡಿವಾಳಪ್ಪ.

"ಬೆಕ್ಕಿರಬೇಕೋ ತಮ್ಮಾ."

ಬೆಕ್ಕೇ ಆಗಿರಲಿ ಎಂದು ಬೇಡಿಕೊಂಡೆ. ಅಳು ಮತ್ತೆ ಕೇಳಿತು. ಹೇಗೆ ಎದ್ದೆನೋ ತಿಳಿಯದು, ಕಂಬದತ್ತ ಓಡಿದೆ.

"ಹೋಗಬ್ಯಾಡ್ರಿ! ಮದ್ದು ಹಾರತೈತಿ!" ಹಿಂದಿನಿಂದ ಮಡಿವಾಳಪ್ಪ ಕೂಗಿದ.

ಆ ಬತ್ತಿಯಲ್ಲಿ ಬೆಂಕಿ ಒಳಗೊಳಗೇ ಸಾಗುತ್ತದೆ. ಎಲ್ಲಿಗೆ ಮುಟ್ಟಿದೆ ಎಂಬುದು ಹೊರಗೆ ಕಾಣುವುದಿಲ್ಲ. ಮದ್ದಿನ ಹತ್ತಿರವೇ ಅದನ್ನು ಕತ್ತರಿಸಬೇಕು. ಬೆವರಿದ ಕೈಯಿಂದ ಚಾಕು ಒಮ್ಮೆ ಜಾರಿತು. ಎರಡನೆಯ ಸಲ ಬತ್ತಿ ತುಂಡಾಯಿತು. ಕೈಯಲ್ಲಿ ಉಳಿದ ತುಂಡಿನ ತುದಿಯಿಂದ ಕಿಡಿ ಚಿಮ್ಮಿ ಬೆರಳು ಸುಟ್ಟಿತು. ಅದನ್ನು ದೂರ ಎಸೆದೆ.

ಪಕ್ಕದ ಕಮಾನಿನ ಕಾಲುವೆಯೊಳಗಿಂದ ಹೆಂಗಸರು, ಮಕ್ಕಳು ಒಬ್ಬೊಬ್ಬರಾಗಿ ಇಳಿದು ಬಂದರು. ನಮ್ಮನ್ನು ಕಂಡು ಕಂಬದ ಮರೆಗೆ ಸರಿದರು. ಕೂಸನ್ನು ಎತ್ತಿಕೊಂಡವಳು ಆ ಮುದುಕನ ಮಗಳು. ಗದ್ದಲ ಕೇಳಿ ಗುಡ್ಡದಾಚೆಯಿಂದ ಓಡಿ ಬಂದ ಮುದುಕ ನೆಲಕ್ಕೆ ಬಿದ್ದು ಅತ್ತ. ಸೈನಿಕರು ಬಂದರೆ ಹೆಣ್ಣುಮಕ್ಕಳನ್ನು ಬಚ್ಚಿಡಬೇಕು ಎಂಬುದಷ್ಟೇ ಅವನಿಗೆ ಗೊತ್ತಿತ್ತು. ನಾವು ಕಮಾನು ಒಡೆಯಲು ಬಂದಿದ್ದೇವೆಂದು ಅವನಿಗೆ ಯಾರೂ ಹೇಳಿರಲಿಲ್ಲ.

ಅವರನ್ನೆಲ್ಲ ದೂರ ಸಾಗಿಸಿದ ಮೇಲೆ ಕಮಾನು ಕೆಡವಿದೆವು. ಲಾರಿಗಳು ದಾಟಿದವು. ಮಡಿವಾಳಪ್ಪ ನನ್ನ ಸುಟ್ಟ ಬೆರಳಿಗೆ ಬಟ್ಟೆ ಸುತ್ತಿ ಚಹಾ ಕುಡಿಸಿದ.

ಯುದ್ಧ ಮುಗಿದ ಮೇಲೆ ಧಾರವಾಡದ ಹತ್ತಿರ ಕಲ್ಲಿನ ಖಣಿಯಲ್ಲಿ ಬಹಳ ವರ್ಷ ಬಂಡೆಗೆ ಮದ್ದಿಟ್ಟು ಸಿಡಿಸುವ, ನಮ್ಮ ಕಡೆಯ ಮಾತಿನಲ್ಲಿ ಸುರಂಗ ಹಾರಿಸುವ, ಕೆಲಸ ಮಾಡಿದೆ. ಹೆದರಿದ ಮನುಷ್ಯ ತನ್ನವರನ್ನು ಕಾಯಲು ಉತ್ತರ ಕೊಡುತ್ತಾನೆ. ಕೇಳುವವನು ತಾನೇಕೆ ಕೇಳುತ್ತಿದ್ದೇನೆ ಎಂಬುದನ್ನು ಮೊದಲು ಹೇಳಬೇಕು. ಅದಕ್ಕೇ ಖಣಿಯ ಸುತ್ತಲಿನ ಪ್ರತಿ ಗುಡಿಸಲಿಗೂ ನಾನೇ ಹೋಗಿ, "ಇಲ್ಲಿ ಸುರಂಗ ಹಾರಸ್ತೇವ್ರಿ, ಅದಕ್ಕ ಕೇಳಾಕತ್ತೇನಿ. ಒಳಗ ಯಾರದಾರ್ರಿ?" ಎನ್ನುತ್ತಿದ್ದೆ.