ಕರಿ ಎರಡರ ಇಂಗ್ಲಿಷ್ ಬ್ಯಾಸರ

ಒಂದು ಕಡೆ ಕೂತು ಹಾಡು ಕೇಳುವ ಯೋಗ ನನ್ನ ಹಣೆಯಲ್ಲಿ ಬರೆದಿಲ್ಲ. ಹಾಡು ಶುರುವಾದ ಕೂಡಲೇ ಎದ್ದು ನಿಲ್ಲುತ್ತೇನೆ. ಪಡಸಾಲೆಯಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಹಿತ್ತಲಿಗೆ ತಿರುಗುತ್ತೇನೆ. ಎರಡನೆಯ ಸಾಲು ಮುಗಿಯುವುದರೊಳಗೆ, ಇದನ್ನು ಎಲ್ಲೋ ಕೇಳಿದ್ದೇನಲ್ಲ ಎಂದು ತಲೆ ಕೆರೆದುಕೊಳ್ಳುತ್ತೇನೆ. ನನ್ನ ಹೆಂಡತಿ ಇದನ್ನು ರೋಗ ಎನ್ನುತ್ತಾಳೆ, ನಾನು ಕಸುಬು ಎನ್ನುತ್ತೇನೆ. ಗದಗಿನ ಒಂದು ಮುದ್ರಣಾಲಯದಲ್ಲಿ ಮೂವತ್ತು ವರ್ಷ ಕರಡು ತಿದ್ದಿದವನು ನಾನು. ಎಡಗೈ ಬೆರಳು ಮೂಲ ಪ್ರತಿಯ ಮೇಲೆ, ಬಲಗೈಯಲ್ಲಿ ಕೆಂಪು ಪೆನ್ನು. ಮೂಲದಲ್ಲಿ ಇದ್ದದ್ದು ಅಚ್ಚಿನಲ್ಲಿ ಇದೆಯೋ ಇಲ್ಲವೋ, ಇಷ್ಟೇ ನನ್ನ ಲೋಕ. ನಿವೃತ್ತನಾದ ಮೇಲೆ ಪೆನ್ನು ಕೈಬಿಟ್ಟಿತು, ಬೆರಳು ಮಾತ್ರ ಇನ್ನೂ ಮೂಲವನ್ನು ಹುಡುಕುತ್ತಲೇ ಇದೆ.

ಗದಗಿನವನು ಎಂದ ಮೇಲೆ ನನಗೆ ಖಯಾಲ್ ಗಾಯನದ ಹುಚ್ಚಿರಬೇಕು, ಇಲ್ಲವೇ ಭಜನೆಯದು. ನನಗೆ ಹಿಡಿದದ್ದು ಪೋಸ್ಟ್-ಪಂಕ್. ಗಾಬರಿಯಾಗಬೇಡಿ, ಅದು ಕಾಯಿಲೆಯ ಹೆಸರಲ್ಲ. ಇಂಗ್ಲೆಂಡಿನಲ್ಲಿ ಒಂದು ಕಾಲಕ್ಕೆ ಪಂಕ್ ಎಂಬ ರಾಕ್ ಸಂಗೀತದ ಗದ್ದಲ ಎದ್ದಿತು. ಅದು ಕೂಗಿ ಕೂಗಿ ಗಂಟಲು ಕಟ್ಟಿಕೊಂಡ ಮೇಲೆ ಬಂದ ಹುಡುಗರು ಕೂಗುವುದನ್ನು ಬಿಟ್ಟು ಗೊಣಗತೊಡಗಿದರು. ಹಿಂದೆ ಇರಬೇಕಾದ ದಪ್ಪ ತಂತಿಯ ಬೇಸ್ ಗಿಟಾರು ಇವರಲ್ಲಿ ಮುಂದೆ ಬಂದು ಮಾತಾಡುತ್ತದೆ. ಡ್ರಮ್ಮು ಒಣಗಿದ ಹಲಗೆ ಬಡಿದಂತೆ ಕೇಳುತ್ತದೆ. ಹಾಡುವವನಿಗೆ ಊಟ ಸೇರಿಲ್ಲ, ನಿದ್ದೆ ಬಂದಿಲ್ಲ, ಕಾರಣ ಮಾತ್ರ ಹೇಳುವುದಿಲ್ಲ. ಇದು ನನಗೆ ಯಾಕೆ ಇಷ್ಟವಾಯಿತು ಎಂದು ಹೆಂಡತಿ ಕೇಳಿದಾಗ, ಕಡೆಗೂ ನನ್ನಂಥವರು ಸಿಕ್ಕರು ಎಂದಿದ್ದೆ.

ಈ ಸಂಗೀತ ನನಗೆ ದಕ್ಕಿದ್ದು ಗದಗ ಹೊಸದಾಗಿ ಜಿಲ್ಲೆಯಾದಾಗ. ನಮ್ಮ ಮುದ್ರಣಾಲಯಕ್ಕೆ ಆಗ ಉಸಿರಾಡಲು ಪುರಸೊತ್ತಿರಲಿಲ್ಲ. ಕಚೇರಿಯವರು, ಅಂಗಡಿಯವರು, ಲಗ್ನಪತ್ರಿಕೆಯವರು, ಎಲ್ಲರದೂ ಒಂದೇ ತಿದ್ದುಪಡಿ: 'ಜಿ. ಧಾರವಾಡ' ಇದ್ದಲ್ಲಿ 'ಜಿ. ಗದಗ'. ನಾನು ದಿನವಿಡೀ ಧಾರವಾಡವನ್ನು ಹೊಡೆದು ಗದಗ ಬರೆಯುತ್ತಿದ್ದೆ. ಅದೇ ಮುಂಡರಗಿ, ಅದೇ ಶಿರಹಟ್ಟಿ, ಅದೇ ಕರಿ ಮಣ್ಣಿನ ಎರಿ ಹೊಲ, ಹೊಸದೇನು ಬಂತು ಎಂದು ಮನಸ್ಸಿನಲ್ಲೇ ಗೊಣಗುತ್ತಲೂ ಇದ್ದೆ. ಆ ಗಡಿಬಿಡಿಯಲ್ಲಿ ಕಾಗದ ಮಾರಲು ಮುಂಬೈಯಿಂದ ಬರುತ್ತಿದ್ದ ಒಬ್ಬ ಏಜೆಂಟ ಒಂದು ಕ್ಯಾಸೆಟ್ ಕೊಟ್ಟು, ಸಂಜೆಯೊಳಗೆ ವಾಪಸು ಬೇಕು ಎಂದ. ಬೆಟಗೇರಿಯಲ್ಲಿ ಟೇಪ್ ರಿಪೇರಿ ಅಂಗಡಿ ಇಟ್ಟಿದ್ದ ದಸ್ತಗೀರ ಭಾಯಿಯ ಹತ್ತಿರ ಓಡಿದೆ. ಸಂಜೆಯೊಳಗೆ ಅವರು ಅದರ ಪ್ರತಿ ತೆಗೆದು, ಮೇಲೆ ಚೀಟಿ ಅಂಟಿಸಿ ತಮ್ಮ ಉರುಟು ಅಕ್ಷರದಲ್ಲಿ 'ಇಂಗ್ಲಿಷ್ ಬ್ಯಾಸರ' ಎಂದು ಬರೆದುಕೊಟ್ಟರು. ತಂಡದ ಹೆಸರಿಗಿಂತ ಆ ಹೆಸರೇ ಸರಿ ಎನಿಸಿ ನಾನೂ ತಿದ್ದಲಿಲ್ಲ.

ಆ ಕ್ಯಾಸೆಟ್ಟು ನಮ್ಮ ಮನೆಯಲ್ಲಿ ವರ್ಷಗಟ್ಟಲೆ ಓಡಿತು. ಆಗ ನನ್ನ ತಂಗಿಯ ಮಗಳು ಸುಮಾ ನಮ್ಮಲ್ಲೇ ಇದ್ದುಕೊಂಡು ಶಾಲೆ ಕಲಿಯುತ್ತಿದ್ದಳು. ಮಗ್ಗಿ ಬಾಯಿಪಾಠ ಮಾಡಿದ್ದು ಅದೇ ಹಾಡಿನ ನಡುವೆ, ಜಡೆ ಹಾಕಿಸಿಕೊಂಡದ್ದು ಅದೇ ಹಾಡಿನ ನಡುವೆ. ಈಗ ಹುಲಕೋಟಿಯಲ್ಲಿ ಶಿಕ್ಷಕಿಯಾಗಿದ್ದಾಳೆ. ಮೂವರು ಗೆಳತಿಯರನ್ನು ಕಟ್ಟಿಕೊಂಡು ಬೇಸ್ ಗಿಟಾರು ಹಿಡಿದು ಒಂದು ತಂಡವನ್ನೂ ಮಾಡಿದ್ದಾಳೆ. ಐತವಾರಕ್ಕೊಮ್ಮೆ ನಮ್ಮ ಮನೆಗೆ ಬಂದು, ಇಂದಿನ ರಾಕ್ ತಂಡಗಳ ಹಾಡುಗಳನ್ನು ಫೋನಿನಲ್ಲಿ ಕೇಳಿಸುವುದು, ನಾನು ತಿರುಗಾಡುತ್ತ ಇದು ಹಳೆಯದು, ಇದೂ ಹಳೆಯದು, ಈ ಬೇಸು ಆ ಕಾಲದ್ದು, ಈ ಗೊಣಗಾಟ ನಮ್ಮ ಕ್ಯಾಸೆಟ್ಟಿನದು ಎಂದು ಒಂದೊಂದನ್ನೇ ಹೊಡೆದು ಹಾಕುವುದು, ಇದೇ ನಮ್ಮ ಹಬ್ಬ. ಅವಳೂ ಬಿಡುತ್ತಿರಲಿಲ್ಲ. ಬೇಸರ ಎಲ್ಲ ಕಾಲಕ್ಕೂ ಒಂದೇ ಆದರೆ ಅದರ ದನಿಯೂ ಹತ್ತಿರದ್ದೇ ಇರುತ್ತದೆ, ಅದಕ್ಕೆ ಕಳವು ಅನ್ನುತ್ತೀರಾ ಎಂದು ವಾದಿಸುತ್ತಿದ್ದಳು. ನಮ್ಮ ಊರಲ್ಲಿ ಶಿಷ್ಯ ಗುರುವಿನ ಹಾಗೇ ಹಾಡಿದರೆ ಪರಂಪರೆ ಉಳಿಸಿದ ಎಂದು ಶಾಲು ಹೊದಿಸುತ್ತೀರಿ, ಗಿಟಾರಿನವರು ಹಾಗೆ ಮಾಡಿದರೆ ಮಾತ್ರ ಮೂಗು ಮುರಿಯುತ್ತೀರಿ ಎಂದೂ ಅನ್ನುತ್ತಿದ್ದಳು. ಈ ಮಾತು ಬಂದಾಗಲೆಲ್ಲ ನಾನು ಚಹಾ ಕೇಳುತ್ತಿದ್ದೆ.

ಒಂದು ಐತವಾರ ಅವಳು ತನ್ನದೇ ಹಾಡು ತಂದಳು. ಬಾರದ ಮುಂಡರಗಿ ಬಸ್ಸಿಗೆ ಕಾದು ನಿಂತವಳ ಹಾಡು, ಕನ್ನಡದ್ದು. ಫೋನು ಮೇಜಿನ ಮೇಲಿಟ್ಟು ನನ್ನ ಮುಖವನ್ನೇ ನೋಡುತ್ತ ಕುಳಿತಳು. ನನಗೆ ಆ ಮುಖ ನೋಡುವ ಬುದ್ಧಿ ಬರಬೇಕಿತ್ತು. ಬರಲಿಲ್ಲ. ಎಂದಿನಂತೆ ಎದ್ದೆ, ಹಿತ್ತಲಿನ ತನಕ ಹೋದೆ, ಅಲ್ಲಿಂದಲೇ, ಇದು ಪೂರಾ ನಮ್ಮ ಕ್ಯಾಸೆಟ್ಟಿನ ನಕಲು, ಅದೇ ಅವಸರ, ಅದೇ ಎತ್ತರದ ಉಸಿರುಗಟ್ಟಿದ ದನಿ, ನಿನ್ನದು ಎಂಬುದು ಇದರಲ್ಲಿ ಏನಿದೆ ಎಂದುಬಿಟ್ಟೆ. ಸುಮಾ ಹಾಡು ನಿಲ್ಲಿಸಿದಳು.

"ಸಣ್ಣಾಕಿ ಇದ್ದಾಗಿಂದ ನಿಮ್ಮ ಮನ್ಯಾಗ ನಾ ಕೇಳಿದ್ದು ಅದೊಂದ ಮಾಮಾ," ಅಂದಳು. "ಬ್ಯಾರೆ ದನಿ ಎಲ್ಲಿಂದ ತರ್ಲಿ?"

ಆಮೇಲೆ ಒಂಬತ್ತು ಐತವಾರ ಅವಳು ಬರಲಿಲ್ಲ. ಫೋನು ಮಾಡಿದರೆ ಶಾಲೆಯ ಕೆಲಸ ಎನ್ನುತ್ತಿದ್ದಳು. ನಾನು ಹೊರಗೆ ತೋರಿಸಿಕೊಳ್ಳಲಿಲ್ಲ, ಆದರೆ ಐತವಾರ ಬೆಳಿಗ್ಗೆ ಬಸ್ಸಿನ ಸದ್ದಾದಾಗಲೆಲ್ಲ ಬಾಗಿಲಿಗೆ ಬರುತ್ತಿದ್ದೆ. ಮಗಳಂತೆ ಬೆಳೆಸಿದವಳನ್ನು ನಕಲು ಎಂಬ ಒಂದು ಶಬ್ದಕ್ಕೆ ಕಳೆದುಕೊಂಡಿದ್ದೆ. ಒಂಬತ್ತನೆಯ ಐತವಾರ ನನ್ನ ಓಡಾಟ ನೋಡಲಾರದೆ ಹೆಂಡತಿ, ಮೂಲ ಮೂಲ ಎಂದು ಹುಡುಗಿಯ ಬಾಯಿ ಮುಚ್ಚಿಸಿದ್ದೀರಿ, ಆ ನಿಮ್ಮ ಮೂಲವನ್ನಾದರೂ ನೀವು ನೋಡಿದ್ದೀರಾ ಎಂದು ಕೇಳಿದಳು. ನಾನು ಅಲ್ಲಿಯೇ ನಿಂತೆ. ಮೂವತ್ತು ವರ್ಷ ಕರಡು ತಿದ್ದಿದ ಪ್ರಾಣಿ, ನನ್ನ ಹತ್ತಿರ ಇದ್ದದ್ದು ಪ್ರತಿಯೇ ಎಂಬುದನ್ನು ಮರೆತಿದ್ದೆ.

ಫೋನಿನಲ್ಲಿ ಆ ಇಂಗ್ಲಿಷ್ ತಂಡದ ಹೆಸರು ಹೊಡೆದೆ. ಹಾಡು ಬಂತು. ಅದು ನನ್ನ ಹಾಡಾಗಿರಲಿಲ್ಲ. ಶಬ್ದಗಳು ಅವೇ, ರಾಗ ಅದೇ, ಆದರೆ ಹಾಡು ಭಾರವಾಗಿ, ನಿಧಾನವಾಗಿ, ಪಾತಾಳದಿಂದ ಬಂದ ಹಾಗೆ ಇತ್ತು. ನನ್ನ ಕ್ಯಾಸೆಟ್ಟಿನ ಆ ಚಡಪಡಿಕೆ ಎಲ್ಲಿ? ಫೋನು ಕೆಟ್ಟಿದೆ ಎಂದುಕೊಂಡು ಹೆಂಡತಿಯ ಫೋನಿನಲ್ಲಿ ಹಾಕಿದೆ. ಅದೂ ಕೆಟ್ಟಿತ್ತು.

ಮರುದಿನ ಕ್ಯಾಸೆಟ್ಟನ್ನು ಜೇಬಿನಲ್ಲಿಟ್ಟುಕೊಂಡು ಲಕ್ಷ್ಮೇಶ್ವರದ ಬಸ್ಸು ಹತ್ತಿದೆ. ಕ್ಯಾಸೆಟ್ಟಿನ ಕಾಲ ಮುಗಿದ ಮೇಲೆ ದಸ್ತಗೀರ ಭಾಯಿ ತಮ್ಮ ಊರಾದ ಅಲ್ಲಿಗೇ ಹೋಗಿ ಮಿಕ್ಸರು, ಪಂಪಿನ ಸ್ಟಾರ್ಟರು ರಿಪೇರಿ ಮಾಡಿಕೊಂಡಿದ್ದಾರೆ. ಮಾಗಡಿ ಕೆರೆಯ ಹತ್ತಿರ ಬಸ್ಸು ಐದು ನಿಮಿಷ ನಿಂತಿತು. ಕಿಟಕಿಯ ಪಕ್ಕ ಕೂತ ಹುಡುಗಿಯರು ಕೆರೆಯ ಹಕ್ಕಿ ತೋರಿಸಿದರು, ನನಗೆ ನೋಡುವ ತಾಳ್ಮೆ ಇರಲಿಲ್ಲ. ದಸ್ತಗೀರ ಭಾಯಿ ಭಜನೆಗೆ ಹಾರ್ಮೋನಿಯಂ ಬಾರಿಸುವವರು, ಆ ಭಾಗದಲ್ಲಿ ಅವರಿಲ್ಲದೆ ಭಜನೆ ಏಳುವುದಿಲ್ಲ. ಕ್ಯಾಸೆಟ್ಟಿನದು, ಫೋನಿನದು, ಎರಡೂ ಹಾಡು ಕೇಳಿಸಿದೆ. ಕಣ್ಣು ಮುಚ್ಚಿ ಕೇಳಿ, ಹಾರ್ಮೋನಿಯಂ ಎಳೆದುಕೊಂಡು ಅದರ ಕರಿ ಬಿಳಿ ಮನೆಗಳಲ್ಲಿ ಎರಡನ್ನು ಒತ್ತಿ ಶ್ರುತಿ ನೋಡಿ, ನಕ್ಕುಬಿಟ್ಟರು.

"ನಾನ ಮಾಡಿದ್ದರಿ ಅಣ್ಣಾರ," ಅಂದರು. "ನೀವು ತಂದಿದ್ದ ಕ್ಯಾಸೆಟ್ಟು ಬಿಳಿ ಒಂದಕ್ಕೂ ಕರಿ ಒಂದಕ್ಕೂ ನಡುವ ಸಿಕ್ಕೊಂಡಿತ್ತು. ಹಾಡಾಂವನ ದನಿ ನೋಡಿದ್ರ ಜೀವ ಇಲ್ಲ. ಟೇಪು ಸಾವಕಾಶ ಓಡಾಕತ್ತೈತಿ ಅಂತ ತಿಳಕೊಂಡೆ. ಮೋಟಾರಿನ ಸ್ಕ್ರೂ ತಿರುವಿ ಜೋರು ಓಡಿಸಿ, ದನಿ ಏರಿಸಿ, ನಮ್ಮ ಭಜನಿ ಪಟ್ಟಿ ಕರಿ ಎರಡಕ್ಕ ತಂದು ನಿಂದ್ರಿಸಿದೆ. ಆಗ ಜೀವ ಬಂತು ನೋಡ್ರಿ."

ಅಲ್ಲ ಸ್ವಾಮಿ, ಆ ಹುಡುಗರು ಪಾಪ ಬೇಕೆಂದೇ ಬೇಸರದಿಂದ ಹಾಡಿದ್ದರು! ಅದನ್ನು ಯಂತ್ರದ ದೋಷ ಎಂದು ತಿಳಿದು, ಇಡೀ ಇಂಗ್ಲೆಂಡಿನ ವಿಷಾದವನ್ನು ಒಂದು ಸ್ಕ್ರೂಡ್ರೈವರಿನಿಂದ ಭಜನೆಯ ಶ್ರುತಿಗೆ ಏರಿಸುವ ಉಪಕಾರಬುದ್ಧಿ ನಮ್ಮ ಕಡೆಯವರಿಗಲ್ಲದೆ ಇನ್ನಾರಿಗೆ ಬರಬೇಕು? ನಾನೂ ನಕ್ಕೆ. ನಗುತ್ತಿರುವಾಗಲೇ ಹೊಳೆಯಿತು. ಸುಮಾಳ ಹಾಡಿನಲ್ಲಿ ನಾನು ಹಿಡಿದ ಆ ಅವಸರ, ಆ ಎತ್ತರದ ದನಿ ಇಂಗ್ಲೆಂಡಿನಲ್ಲಿ ಯಾರೂ ಹಾಡಿರಲೇ ಇಲ್ಲ. ಅದು ಹುಟ್ಟಿದ್ದು ಬೆಟಗೇರಿಯ ರಿಪೇರಿ ಅಂಗಡಿಯಲ್ಲಿ, ಬೆಳೆದದ್ದು ನನ್ನ ಪಡಸಾಲೆಯಲ್ಲಿ. ಅದಕ್ಕೆ ನಾನು ನಕಲು ಎಂದಿದ್ದೆ.

ಹತ್ತನೆಯ ಐತವಾರ ನಾನೇ ಹುಲಕೋಟಿಗೆ ಹೋದೆ. ಖಾಲಿ ಬಿದ್ದ ಹತ್ತಿ ಗೋದಾಮಿನಲ್ಲಿ ಅವರ ತಾಲೀಮು. ಹೊರಗಿನಿಂದಲೇ ಮುಂಡರಗಿ ಬಸ್ಸಿನ ಹಾಡು ಕೇಳಿ ಕಾಲು ನಿಂತಿತು. ನನ್ನ ಮಾತಿಗೆ ನೊಂದು ಅವಳು ಹಾಡನ್ನು ಬದಲಿಸಿದ್ದಳು. ಕ್ಯಾಸೆಟ್ಟಿನಂತೆ ಕೇಳಬಾರದೆಂದು ವೇಗ ಇಳಿಸಿದ್ದಳು, ದನಿಯನ್ನೂ ತಗ್ಗಿಸಿದ್ದಳು. ಹಾಡು ಭಾರವಾಗಿ, ನಿಧಾನವಾಗಿ, ಪಾತಾಳದಿಂದ ಬರುತ್ತಿತ್ತು. ಫೋನಿನಲ್ಲಿ ನಾನು ಕೇಳಿದ ಇಂಗ್ಲೆಂಡಿನ ತಂಡ ಹುಲಕೋಟಿಗೆ ಬಂದು ಕೂತ ಹಾಗಿತ್ತು. ನಕಲು ಅಲ್ಲದ್ದನ್ನು ನಕಲು ಎಂದು ಕರೆದು, ಕಡೆಗೆ ನಕಲು ಮಾಡಿಸಿಯೇ ಬಿಟ್ಟಿದ್ದೆ.

ಒಳಗೆ ಹೋಗಿ, ಉಸಿರು ಬಿಡದೆ ಎಲ್ಲವನ್ನೂ ಹೇಳಿದೆ. ಗೆಳತಿಯರು ಬಿದ್ದು ಬಿದ್ದು ನಕ್ಕರು. ಸುಮಾ ನಗಲಿಲ್ಲ.

"ಹಂಗಾದ್ರ ಮೊದಲಿನ ಹಾಡು ಯಾರದು ಮಾಮಾ?"

"ಚೂರು ದಸ್ತಗೀರ ಭಾಯಿದು. ಉಳದದ್ದೆಲ್ಲಾ ನಿಂದು."

"ಮತ್ತ ನಿಮ್ಮದೇನು?"

"ತಪ್ಪು ನಂದವ್ವಾ," ಅಂದೆ. "ಕರಿ ಎರಡಕ್ಕ ಹಾಡು. ಮೊದಲಿನಂಗ."

ಅವಳು ತಲೆ ತಗ್ಗಿಸಿ ತಂತಿಗಳನ್ನು ಮತ್ತೆ ಬಿಗಿದಳು. ಆಮೇಲೆ ಹಾಡಿದಳು. ನಾನು ಅಭ್ಯಾಸಬಲದಿಂದ ಬಾಗಿಲ ಕಡೆ ಹೊರಟವನು, ತಿರುಗಿ ಬಂದು ಒಂದು ಹತ್ತಿಯ ಅಂಡಿಗೆಯ ಮೇಲೆ ಕುಳಿತೆ. ಹಾಡು ಮುಗಿಯುವವರೆಗೆ ಏಳಲಿಲ್ಲ. ಕಣ್ಣಲ್ಲಿ ನೀರು ಬಂದಿತ್ತು, ಹತ್ತಿಯ ಧೂಳು ಎಂದು ಹೇಳಿದೆ, ಯಾರೂ ನಂಬಲಿಲ್ಲ.

ಮನೆಗೆ ಬಂದು ಹಳೆಯ ಕೆಂಪು ಪೆನ್ನು ಹುಡುಕಿದೆ. ಕ್ಯಾಸೆಟ್ಟಿನ ಚೀಟಿಯಲ್ಲಿ 'ಇಂಗ್ಲಿಷ್' ಎಂಬುದನ್ನು ಹೊಡೆದು ಮೇಲೆ 'ಗದಗ' ಎಂದು ಬರೆದೆ. ಹೊಸ ಜಿಲ್ಲೆಯ ದಿನಗಳಲ್ಲಿ ಸಾವಿರ ಸಲ ಮಾಡಿದ ತಿದ್ದುಪಡಿಯೇ, ಆದರೆ ಈ ಸಲ ಗೊಣಗಲಿಲ್ಲ. ಮುಂದಿನ ಐತವಾರ ಸುಮಾ ಬಂದಳು. ಚಪ್ಪಲಿ ಬಿಟ್ಟು ನೇರ ಮೇಜಿನ ಹತ್ತಿರ ಹೋಗಿ ಅಲ್ಲಿದ್ದ ಕ್ಯಾಸೆಟ್ಟಿನ ಚೀಟಿ ಓದಿದಳು. ಇಷ್ಟೆಲ್ಲ ತಿದ್ದಿದವರು 'ಬ್ಯಾಸರ' ಎಂಬುದನ್ನು ಯಾಕೆ ಉಳಿಸಿದಿರಿ ಎಂದು ಕೇಳಿದಳು.

"ಅದು ಮೂಲದಾಗ ಐತಿ," ಅಂದೆ. "ನನಗ ಮುಟ್ಟಾಕ ಬರೂದಿಲ್ಲ."