ಚಿಮ್ಮನಚೋಡಕ್ಕೆ ಸಾಕ್ಷಿ ಹುಡುಕಿಕೊಂಡು

ನಮ್ಮೂರು ಚಿತ್ತಾಪುರದಲ್ಲಿ ನನ್ನನ್ನು ಕಂಡವರೆಲ್ಲ ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: "ಮಿಲಿಟ್ರ್ಯಾಗ ನೀವು ಡಾಕ್ಟ್ರೋ, ನರ್ಸೋ?" ಎರಡೂ ಅಲ್ಲ ಅಂದರೆ ಅವರ ಮುಖ ಸಣ್ಣದಾಗುತ್ತಿತ್ತು, ನಾನೇ ಏನೋ ಮುಚ್ಚಿಡುತ್ತಿದ್ದೇನೆ ಎಂಬಂತೆ. ಗುಡ್ಡದ ಮೇಲಿನ ಠಾಣ್ಯಗಳಿಗೆ ಲಾರಿಗಳ ಸಾಲು ಕರೆದೊಯ್ದು ಅಕ್ಕಿ, ಬೇಳೆ, ಸೀಮೆಎಣ್ಣೆ ಮುಟ್ಟಿಸುವುದು ನನ್ನ ಕೆಲಸ ಎಂದು ವಿವರಿಸಿದರೆ ನಮ್ಮ ಸೋದರತ್ತೆ, "ಅಂದ್ರ ಕಿರಾಣಿ ಅನ್ನು" ಎಂದು ಮಾತು ಮುಗಿಸಿಬಿಟ್ಟಳು. ಅಪ್ಪ ಗಣಿತದ ಮಾಸ್ತರರು. ಮಠದ ಪಂಕ್ತಿಯಲ್ಲಿ ಊಟಕ್ಕೆ ಕೂತಾಗಲೂ "ನನ್ನ ಮಗಳು ಕ್ಯಾಪ್ಟನ್" ಎಂದು ಪಕ್ಕದವರಿಗೆ ಹೇಳದೆ ಅವರಿಗೆ ತುತ್ತು ಇಳಿಯುತ್ತಿರಲಿಲ್ಲ. ಆ ನೌಕರಿಗೆ ಗಡುವು ಉಂಟೆಂದು ಮಾತ್ರ ಅವರು ಯಾರಿಗೂ ಹೇಳಿರಲಿಲ್ಲ.

ತೊಂಬತ್ತರ ದಶಕದಲ್ಲಿ ಹೆಂಗಸರನ್ನು ಅಧಿಕಾರಿಗಳಾಗಿ ತೆಗೆದುಕೊಳ್ಳಲು ಶುರುಮಾಡಿದಾಗ ಹೋದವಳು ನಾನು. ಮೊದಲು ಐದು ವರ್ಷ ಎಂದರು. ಆಮೇಲೆ ಇನ್ನೈದು, ಅದರ ಮೇಲೆ ನಾಲ್ಕು. ನಮ್ಮ ಹಾಗೆಯೇ ಅಲ್ಪಾವಧಿಗೆಂದು ಬಂದ ಗಂಡು ಹುಡುಗರಿಗೆ ಕಾಯಂ ಆಗುವ ದಾರಿ ಇತ್ತು, ನಮಗೆ ಇರಲಿಲ್ಲ. ನಾನು ನಕಾಶೆ ಓದಲು ಕಲಿಸಿದ ಹುಡುಗನೊಬ್ಬ ಕಾಯಂ ಆಗಿ, ನನ್ನ ಬೀಳ್ಕೊಡುಗೆಗೆ ಬಂದು ಭಾಷಣ ಮಾಡಿದ. ಭಾಳ ಚಲೋ ಮಾತಾಡಿದ ಪುಣ್ಯಾತ್ಮ. ಪಿಂಚಣಿಗೆ ಇಪ್ಪತ್ತು ವರ್ಷ ಬೇಕು, ನಮ್ಮನ್ನು ಹದಿನಾಲ್ಕಕ್ಕೇ ಮನೆಗೆ ಕಳಿಸಿದರು. ಒಗ್ಗರಣೆಗೆ ಬೇಕು, ಊಟಕ್ಕೆ ಕೂತಾಗ ಎತ್ತಿ ಬದಿಗಿಡುವುದು. ಕರಿಬೇವಿನ ಬಾಳು ನಮ್ಮದು. ನನ್ನಂಥ ಕೆಲವರು ಕಾಯಂ ನೌಕರಿ ಕೇಳಿ ದಿಲ್ಲಿಯ ಕೋರ್ಟಿಗೆ ಹೋಗಿದ್ದರು. ನಾನೂ ಸೇರಿಕೊಂಡೆ.

ಅಲ್ಲಿ ಸರಕಾರದ ಪರವಾಗಿದ್ದ ಎದುರಿನ ವಕೀಲರು ಬಹಳ ಮೆತ್ತಗೆ ಒಂದು ಮಾತು ಹೇಳಿದರು. ನಮ್ಮ ಸೇನೆಯ ಜವಾನರು ಹಳ್ಳಿಗಳಿಂದ ಬಂದವರು, ಹೆಂಗಸಿನ ಹುಕುಂ ಪಾಲಿಸಲು ಅವರ ಮನಸ್ಸು ಇನ್ನೂ ಒಗ್ಗಿಲ್ಲ ಎಂದರು. ಹಿಂದಿನ ಬೆಂಚಿನಲ್ಲಿ ಕೂತಿದ್ದ ನನಗೆ ಮೈಯೆಲ್ಲ ಉರಿಯಿತು. ಹಳ್ಳಿ ಎಂದರೇನೆಂದು ಈ ಮನುಷ್ಯ ನಮ್ಮೂರ ಕಾಗಿಣಾ ಹೊಳೆ ದಾಟಿ ಬಂದು ನನಗೆ ಹೇಳಲಿ ಅನ್ನಿಸಿತು. ಹೊರಗೆ ಬಂದ ಮೇಲೆ ನಮ್ಮ ವಕೀಲರು, "ನಿಮ್ಮ ಕೈಕೆಳಗೆ ದುಡಿದು ನಿವೃತ್ತನಾದ ಒಬ್ಬ ಜವಾನ ಪ್ರಮಾಣ ಮಾಡಿ ಬರೆದುಕೊಟ್ಟರೆ ಸಾಕು, ಈ ವಾದ ಅಲ್ಲಿಗೇ ನಿಲ್ಲುತ್ತದೆ" ಎಂದರು. ನನಗೆ ನಗುವೇ ಬಂತು. ಒಬ್ಬನೂ ಸಿಗದಿರುತ್ತಾನೆಯೇ? ನಮ್ಮ ಸಾಲಿನ ಮೊದಲ ಲಾರಿ ಓಡಿಸುತ್ತಿದ್ದ ಹವಾಲ್ದಾರರ ಊರು ಚಿಮ್ಮನಚೋಡ, ನಮ್ಮ ಜಿಲ್ಲೆಯೇ.

ಸೇಡಂ, ಚಿಂಚೋಳಿ ಎಂದು ಬಸ್ಸು ಬದಲಿಸುತ್ತ ಹೋದೆ. ಹವಾಲ್ದಾರರು ನನ್ನನ್ನು ಕಂಡು ಗಡಬಡಿಸಿ ಎದ್ದರು. "ಬರ್ರಿ ಮೇಡಂ, ಬರ್ರಿ, ಕುಂದ್ರಿ" ಎಂದು ಅಂಗಳದಲ್ಲಿ ಹೊರಸು ಹಾಕಿದರು. ಮನೆಯವರಿಗೆ "ನಮ್ಮ ಯೂನಿಟ್‌ದಾಗ ಇದ್ದ ಮೇಡಂ" ಎಂದಷ್ಟೇ ಹೇಳಿದರು. ಅವರ ಹೆಂಡತಿ ರೊಟ್ಟಿ, ಪುಂಡಿಪಲ್ಯ ಬಡಿಸುತ್ತ, "ದವಾಖಾನಿದಾಗ ಇದ್ರೇನ್ರಿ?" ಎಂದು ಕೇಳಿದಳು. ಹವಾಲ್ದಾರರು ತಿದ್ದಲಿಲ್ಲ. ರೊಟ್ಟಿ ಬಿಸಿಯಿತ್ತು, ನಾನೂ ಸುಮ್ಮನಿದ್ದೆ.

ಅಷ್ಟರಲ್ಲಿ ಅವರ ಕಾಕಾ ಬಂದು ಕೂತರು. ಮಾತಿನ ಮನುಷ್ಯ. "ನೀವೂ ಮಿಲಿಟ್ರಿಯವರು, ಹಂಗಾರ ಇವನ ಆಫೀಸರ್ ಸಾಬನ ಸುದ್ದಿ ಕೇಳ್ರಿ" ಎಂದು ಶುರುಮಾಡಿದರು.

"ಹಿಮ ಬೀಳಾಕತ್ತದ, ದಾರಿ ಕಾಣವಲ್ದು. ಒಂದ್ ಕಡಿ ಗುಡ್ಡ, ಒಂದ್ ಕಡಿ ಪಾತಾಳ. ಲಾರಿ ಹಿಂದ ಲಾರಿ ನಿಂತಾವ. ಆಗ ಇವನ ಸಾಬ ಕೆಳಗ ಇಳದ ನೋಡ್ರಿ! ಕಾಲಿಲೆ ದಾರಿ ತಡವಿಕೋತ ಲಾರಿ ಮುಂದ ನಡದ. 'ನಾ ಬಿದ್ರ ನೀವು ನಿಂದರ್ರಿ' ಅಂದ. ಎಲ್ಲಾ ಲಾರಿ ದಾಟಿಸಿದ. ಇಷ್ಟುದ್ದ ಮೀಸಿ ಅಂತ ಅವಂದು. ಆ ಮೀಸಿ ಮ್ಯಾಲ ಹಿಮ ಕುಂತು ಗಟ್ಟಿ ಆಗಿತ್ತಂತ!"

ಆ ದಾರಿಯಲ್ಲಿ ನಡೆದವಳು ನಾನು. ನಾನು ಬಿದ್ದರೆ ನೀವು ನಿಲ್ಲಿ ಎಂದವಳು ನಾನು. ಎಡಗಾಲಿನ ಎರಡು ಬೆರಳಿಗೆ ಇವತ್ತಿಗೂ ಸ್ಪರ್ಶವಿಲ್ಲ. ಹವಾಲ್ದಾರರು ತಾಟಿನಿಂದ ತಲೆಯೆತ್ತಲಿಲ್ಲ. ಊರಿನ ಮಂದಿ ನಂಬುವಂತೆ ಕತೆ ಹೇಳಲು ಅವರು ನನಗೆ ಮೀಸೆ ಅಂಟಿಸಿದ್ದರು. ಅಂಥ ಸಿಟ್ಟು ನನಗೆ ಆ ದಿಲ್ಲಿಯ ವಕೀಲರ ಮೇಲೂ ಬಂದಿರಲಿಲ್ಲ. ಸಿಟ್ಟಿಗಿಂತ ಹೆಚ್ಚಾಗಿ ಅವಮಾನ.

"ಆ ಸಾಬರು ಈಗ ಎಲ್ಲಿದ್ದಾರ?" ಎಂದು ಕಾಕಾನನ್ನು ಕೇಳಿದೆ.

"ಭಾಳ ದೊಡ್ಡ ಹುದ್ದೆದಾಗ ಇರಬೇಕ್ರಿ" ಎಂದರು ಅವರು. "ಅಂಥವರನ್ನ ಸರಕಾರ ಬಿಡ್ತದೇನ್ರಿ?"

ಬಸ್ಸಿನವರೆಗೆ ಬಿಡಲು ಹವಾಲ್ದಾರರು ಜೊತೆಗೆ ಬಂದರು. ನಾನು ಚೀಲದಿಂದ ವಕೀಲರು ಬರೆದುಕೊಟ್ಟ ಕಾಗದ ತೆಗೆದು, ಕೋರ್ಟಿನ ವಿಷಯವನ್ನೆಲ್ಲ ಹೇಳಿದೆ. ಅವರು ನಿಂತಲ್ಲೇ ನಿಂತರು. ಈಗ ಅವರು ಸೇಡಂ ಕಡೆಯ ಒಂದು ಕಾರ್ಖಾನೆಯಲ್ಲಿ ಕಾವಲುಗಾರರ ಮುಖ್ಯಸ್ಥರು, ಕೈಕೆಳಗೆ ಹತ್ತಾರು ಹುಡುಗರು.

"ಹೆಂಗಸಿನ ಕೈಯಾಗ ಇದ್ದವ ಅಂತ ನಗ್ತಾರ್ರಿ ಮೇಡಂ. ಊರಾಗ ಹೆಂಗ ತಲಿ ಎತ್ತಲಿ?"

"ನನ್ನ ಹಿಂದ ಲಾರಿ ಹೊಡದಿಲ್ಲೇನು ನೀವು?"

"ಹೊಡದೀನ್ರಿ. ನೀವು ಇನ್ನೊಮ್ಮೆ ನಡದ್ರ ಇನ್ನೊಮ್ಮೆ ಹೊಡೀತೀನಿ."

"ಮತ್ತ ಅದನ್ನ ಬರದುಕೊಡ್ರಿ. ಅಷ್ಟ ಸಾಕು."

ಅವರು ಕಾಲು ಜೋಡಿಸಿ ನೆಟ್ಟಗೆ ನಿಂತರು. ಆಮೇಲೆ ಹೇಳಿದರು: "ಹಿಂಗ ಕೇಳಿದ್ರ ಆಗಂಗಿಲ್ರಿ. ಹುಕುಂ ಮಾಡ್ರಿ. ನೀವು ಹುಕುಂ ಅಂದ್ರ ಇಲ್ಲೇ ಸಹಿ ಹಾಕ್ತೀನಿ, ಮಂದಿ ಏನರೆ ಅನ್ಲಿ."

ಆ ಮನುಷ್ಯ ಸುಳ್ಳು ಹೇಳುತ್ತಿರಲಿಲ್ಲ. ಒಂದು ಮಾತು ಅಂದಿದ್ದರೆ ಹಾಕಿಬಿಡುತ್ತಿದ್ದರು. ಆದರೆ ಆ ಕಾಗದದ ಮೊದಲ ಸಾಲೇ ಯಾರ ಒತ್ತಾಯವೂ ಇಲ್ಲದೆ ಬರೆದದ್ದು ಎಂದಿತ್ತು. ಹುಕುಂ ಮಾಡಿ ಬರೆಸಿದರೆ ಆ ಸಾಲು ಸುಳ್ಳು. ಮತ್ತೆ ಹುಕುಂ ಮಾಡಲು ನಾನು ಯಾರು? ಆ ಹಕ್ಕನ್ನು ವಾಪಸು ಕೊಡಿ ಎಂದೇ ಅಲ್ಲವೇ ನಾನು ಕೋರ್ಟಿನ ಮೆಟ್ಟಿಲು ಹತ್ತಿದ್ದು? ಕಾಗದ ಮಡಚಿ ಒಳಗಿಟ್ಟೆ. ಬಸ್ಸು ಬಂದಾಗ ಅವರು ನನ್ನ ಚೀಲ ಎತ್ತಿಕೊಟ್ಟು, "ಸಿಟ್ಟಾಗಬ್ಯಾಡ್ರಿ ಮೇಡಂ" ಎಂದರು.

ಅಪ್ಪನಿಗೆ, ಹವಾಲ್ದಾರರು ಮನೆಯಲ್ಲಿರಲಿಲ್ಲ ಎಂದು ಹೇಳಿದೆ.

ಮುಂದಿನ ತಾರೀಖಿಗೆ ವಾಡಿಯಲ್ಲಿ ರೈಲು ಹತ್ತಿ ದಿಲ್ಲಿಗೆ ಹೋದೆ. ಎದುರಿನ ವಕೀಲರು ಮತ್ತೆ ಅದೇ ಮೆತ್ತನೆಯ ದನಿಯಲ್ಲಿ, ತಾನು ಹೆಂಗಸಿನ ಹುಕುಂ ಪಾಲಿಸಿದ್ದೇನೆ ಎನ್ನುವ ಒಬ್ಬ ಜವಾನನಾದರೂ ಇವರ ಕಡೆ ಇದ್ದಾನೆಯೇ ಎಂದು ಕೇಳಿದರು. ನಮ್ಮ ವಕೀಲರು ತಿರುಗಿ ನನ್ನತ್ತ ನೋಡಿದರು. ನಾನು ಇಲ್ಲವೆಂದು ತಲೆಯಾಡಿಸಿದೆ.