ಅರ್ಧ ಹಾಸಿಗೆಯ ಹೊಟ್ಟೆ

ಗಿಣಿಗೇರಾದ ಕಾರ್ಖಾನೆಯೊಂದರ ಲ್ಯಾಬಿನಲ್ಲಿ ಅದಿರಿನ ಪುಡಿ ತೂಗುವುದು ನನ್ನ ಕೆಲಸ. ಹೀಗಾಗಿ ತೂಕದ ಹುಚ್ಚು ಮೊದಲಿನಿಂದಲೂ ಇತ್ತು. ಹಿಮಾಲಯ ಹತ್ತಲು ಶುರು ಮಾಡಿದ ಮೇಲೆ ಅದು ತಲೆಗೇರಿತು. ಹೋದ ವರ್ಷ ಶಿಖರಕ್ಕೆ ಇನ್ನೊಂದು ತಾಸಿನ ದಾರಿ ಇರುವಾಗ ನಾನು ಕುಸಿದು ಕೂತಿದ್ದೆ. ಬೆನ್ನ ಮೇಲೆ ಹದಿನಾಲ್ಕು ಕಿಲೋ. ಒಂದೇ ಹಗ್ಗಕ್ಕೆ ಕಟ್ಟಿಕೊಂಡವರು ಒಬ್ಬಳನ್ನು ಬಿಟ್ಟು ಮುಂದೆ ಹೋಗುವ ಹಾಗಿಲ್ಲ. ನನ್ನ ಸಲುವಾಗಿ ಗೈಡ್ ಮತ್ತು ಇನ್ನೊಬ್ಬ ಗೆಳತಿ ತಿರುಗಿ ಇಳಿದರು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಈ ವರ್ಷ ಗೈಡ್ ಫೋನಿನಲ್ಲಿ ಒಂದೇ ಷರತ್ತು ಹಾಕಿದ. ಊಟವೂ ಸೇರಿ ಚೀಲ ಒಂಬತ್ತು ಕಿಲೋ ದಾಟಬಾರದು. ದಾಟಿದರೆ ಕೆಳಗಿನ ಕ್ಯಾಂಪಿನಿಂದಲೇ ವಾಪಸ್. ನನಗೆ ನಲವತ್ನಾಲ್ಕು. ಇನ್ನೊಮ್ಮೆ ಕರೆಯುವವರಿಲ್ಲ ಎಂದು ಗೊತ್ತಿತ್ತು.

ಭಾನುವಾರ ಗಂಗಾವತಿ ಕಡೆಯ ಬಂಡೆ ಹತ್ತುವ ಅಭ್ಯಾಸ ಮುಗಿಸಿ, ಭತ್ತದ ಲಾರಿಗಳಿಗೆ ತಾಡಪತ್ರಿ ಹೊಲಿಯುವ ಚಾಚಾನ ಅಂಗಡಿಗೆ ಹೋದೆ. ಚೀಲದ ಮುಚ್ಚಳ, ಒಳಗಿನ ಅಲ್ಯುಮಿನಿಯಂ ಪಟ್ಟಿ, ಸೊಂಟದ ದಪ್ಪ ಬೆಲ್ಟು, ಎಲ್ಲ ತೆಗೆಸಿದೆ.

"ಅಲ್ರೀ ಅಕ್ಕಾರ, ಮಂದಿ ಹರದದ್ದು ಹೊಲಿಸಾಕ ಬರ್ತಾರ, ನೀವು ಹೊಸಾದು ಹರಿಸಾಕ ಬಂದೀರಲ್ರೀ!" ಎಂದು ಚಾಚಾ ನಕ್ಕರು.

ಅಲ್ಲಿಗೆ ಒಂದು ಕಿಲೋ ಇಳಿಯಿತು. ಸ್ಲೀಪಿಂಗ್ ಬ್ಯಾಗನ್ನು ಸೊಂಟಕ್ಕೆ ಸರಿಯಾಗಿ ಅರ್ಧ ಕತ್ತರಿಸಿ ಕೊಡಿ, ಮೇಲಿನ ಮೈಗೆ ದಪ್ಪ ಜಾಕೆಟ್ ಇದ್ದೇ ಇರುತ್ತದೆ ಎಂದಾಗ ಮಾತ್ರ ಕೈ ಮುಗಿದುಬಿಟ್ಟರು. "ಒಳಗ ಪುಕ್ಕ ಅದಾವ್ರಿ. ಕತ್ರಿ ಹಾಕಿದ್ರ ಅಂಗಡಿ ತುಂಬ ಹಾರ್ತಾವ. ಕೌದಿ ಹೊಲಿಯೋರ ಕೈಗೆ ಕೊಡ್ರಿ."

ಕೊಪ್ಪಳದ ನಮ್ಮ ಓಣಿಯಲ್ಲಿ ಹಳೆಯ ಸೀರೆಗಳಿಂದ ಕೌದಿ ಹೊಲಿಯುವ ಮುದುಕಿಯೊಬ್ಬರಿದ್ದಾರೆ; ಓಣಿಗೆಲ್ಲ ಆಯಿ. ಬ್ಯಾಗನ್ನು ಕೈಯಲ್ಲಿ ಹಿಡಿದು ಮೇಲೆ ಕೆಳಗೆ ತೂಗಿದರು. "ಇಷ್ಟು ಹಗೂರ ಐತಿ, ಇದರಾಗ ಬೆಚ್ಚಗ ಆಕ್ಕತೇನ?" ಎಂದು ಮೂಗು ಮುರಿದರು. ಆದರೂ ಕೆಲಸಕ್ಕೆ ಕೂತರು. ಮೇಲಿನ ಪದರಕ್ಕೆ ಬೇರೆ, ಕೆಳಗಿನ ಪದರಕ್ಕೆ ಬೇರೆ, ಎರಡೆರಡು ಸಾಲು ಒತ್ತೊತ್ತಾಗಿ ಕೈಯಲ್ಲೇ ಹೊಲಿದು, ಆಮೇಲೆ ಆ ಸಾಲುಗಳ ನಡುವೆ ಕತ್ತರಿ ಆಡಿಸಿದರು. ಒಂದು ಪುಕ್ಕವೂ ಹಾರಲಿಲ್ಲ. ನಾನು ಬಾಯಿ ಬಿಟ್ಟುಕೊಂಡು ನೋಡಿದೆ. "ಅಂಚು ಮಡಚಿ ಸಂಜಿಗೆ ಕೊಡ್ತೀನಿ, ಹೋಗು" ಎಂದು ಕಳಿಸಿದರು.

ಮರುದಿನ ಲ್ಯಾಬಿನ ತಕ್ಕಡಿಯಲ್ಲಿಟ್ಟರೆ ನನ್ನ ಲೆಕ್ಕಕ್ಕಿಂತ ಎಂಬತ್ತು ಗ್ರಾಂ ಹೆಚ್ಚು! ಹಿಚುಕಿ ನೋಡಿದೆ. ಕಾಲಿನ ಕಡೆಯ ಮೂಲೆಯಲ್ಲಿ ಅಂಗೈ ಅಗಲದ ತೇಪೆ, ಅದರೊಳಗೊಂದು ಗಂಟು. ಸಿಟ್ಟು ನೆತ್ತಿಗೇರಿತು. ಪಾಳಿ ಮುಗಿದದ್ದೇ ಸೀದಾ ಆಯಿಯ ಕಟ್ಟೆಗೆ ಹೋದೆ.

"ಆಯಿ, ಇದರಾಗ ಏನು ತುಂಬೀರಿ?"

"ಹೊಟ್ಟಿ ತುಂಬೀನಿ. ಹಾಸಿಗಿ ಹಸಗೊಂಡು ಇರಬಾರದವ್ವಾ. ಕೌದಿಗೆ ಕಡೀ ತ್ಯಾಪಿ ಹಚ್ಚೋಮುಂದ ಒಳಗ ರೊಟ್ಟಿ ಚೂರು ಇಡತೇವಿ. ನೀ ಭಾಳ ದೂರ ಹೊಂಟೀ ಅಂತ ಪುಟಾಣಿ ಕಾಳು, ಬೆಲ್ಲ ಇಟ್ಟೀನಿ. ಪ್ಲಾಸ್ಟಿಕ್‌ನ್ಯಾಗ ಸುತ್ತೀನಿ, ಇರಿವಿ ಹತ್ತಂಗಿಲ್ಲ."

"ನಾ ಗ್ರಾಂ ಗ್ರಾಂ ಇಳಸಾಕ ಸಾಯಾಕ ಹತ್ತೀನಿ, ನೀವು ಪುಟಾಣಿ ತುಂಬತೀರಲ್ಲ! ಬಿಚ್ಚರಿ ಅದನ್ನ."

"ತುಂಬಿದ ಹೊಟ್ಟಿ ನಾ ಬಿಚ್ಚಂಗಿಲ್ಲ. ಬೇಕಾದ್ರ ನೀನ ಬಿಚ್ಚಿಕೋ. ತಗೋ ಕತ್ರಿ."

ಕತ್ತರಿ ಹಿಡಿದೆ. ಹೊಲಿಗೆ ನೋಡಿದೆ. ಅಷ್ಟು ಸಣ್ಣ, ಅಷ್ಟು ನೇರ. ಸೂಜಿಗೆ ದಾರ ಪೋಣಿಸಲೂ ಬೇರೆಯವರನ್ನು ಕರೆಯಬೇಕಾದ ಮಂದಗಣ್ಣಿನ ಆಯಿ ಹಾಕಿದ್ದು. ಕೈ ಬರಲಿಲ್ಲ. ಒಳಗೊಳಗೇ ಬೈದುಕೊಳ್ಳುತ್ತ ಮನೆಗೆ ಬಂದು, ತೂಕ ಸರಿದೂಗಿಸಲು ಊಟದ ಪೊಟ್ಟಣದಿಂದ ಶೇಂಗಾ ಚಿಕ್ಕಿ ತೆಗೆದಿಟ್ಟೆ. ಒಂದು ದಿನ ಹೆಚ್ಚಾದರೆ ಇರಲಿ ಎಂದು ಇಟ್ಟುಕೊಂಡದ್ದು ಅದೊಂದೇ ಆಗಿತ್ತು.

ಕೆಳಗಿನ ಕ್ಯಾಂಪಿನಲ್ಲಿ ಗೈಡ್ ಚೀಲವನ್ನು ತಕ್ಕಡಿಗೆ ತೂಗುಹಾಕಿದ. ಮುಳ್ಳು ಒಂಬತ್ತರ ಈಚೆಗೇ ನಿಂತಿತು. ಹೋದ ವರ್ಷದ ಗೆಳತಿ ನನ್ನ ಬೆನ್ನು ತಟ್ಟಿದಳು.

ಮೇಲಿನ ಕ್ಯಾಂಪಿನಲ್ಲಿ ಒಂದು ದಿನ ಪೂರ್ತಿ ಹಿಮ ಸುರಿಯಿತು. ಅರ್ಧ ಹಾಸಿಗೆಯೊಳಗೆ ಸೊಂಟದವರೆಗೆ ಹೊಕ್ಕು, ಜಾಕೆಟ್ ತೊಟ್ಟು ಕೂತೆ, ಬೆಚ್ಚಗಿತ್ತು. ಎಣಿಸಿ ತಂದ ಊಟ ಮಾತ್ರ ಆ ದಿನಕ್ಕೇ ಮುಗಿಯಿತು; ಚಿಕ್ಕಿ ತಂದಿದ್ದರೂ ಅವತ್ತೇ ತಿಂದು ಮುಗಿಸುತ್ತಿದ್ದೆ. ಮರುದಿನ ಬೆಳಗ್ಗೆ ಆಕಾಶ ತಿಳಿಯಾಗಿ, ಗೈಡ್ ಹೊರಡಿ ಎಂದ. ನನ್ನ ಬಳಿ ಚಹಾ ಬಿಟ್ಟರೆ ಏನೂ ಇಲ್ಲ. ಖಾಲಿ ಹೊಟ್ಟೆಯವರನ್ನು ಹಗ್ಗಕ್ಕೆ ಕಟ್ಟಿಕೊಳ್ಳುವುದಿಲ್ಲ ಎಂದು ಅವನು ಮೊದಲೇ ಹೇಳಿದ್ದ. ಉಳಿದವರದೂ ಎಣಿಸಿ ತಂದದ್ದೇ. ಅದರಲ್ಲಿ ಪಾಲು ಕೇಳುವ ಹಾಗಿರಲಿಲ್ಲ. ಈ ಸಲವೂ ನಾನೇ ಇವರನ್ನು ತಿರುಗಿಸಬೇಕೇ ಎಂದು ಅಳು ಬಂತು. ಹಾಸಿಗೆ ಮಡಚುವಾಗ, ಮರೆತೇಬಿಟ್ಟಿದ್ದ ಮೂಲೆಯ ಗಂಟು ಅಂಗೈಗೆ ಒತ್ತಿತು.

ಹಲ್ಲಿನಿಂದ ಹೊಲಿಗೆ ಕಡಿದೆ. ಎರಡು ಹಿಡಿ ಪುಟಾಣಿ, ಮೂರು ಬೆಲ್ಲದ ಚೂರು. ಗೈಡ್ ಡೇರೆಯೊಳಗೆ ಇಣುಕಿ, ಹಾಸಿಗೆ ಹರಿದುಕೊಂಡು ಏನು ತಿನ್ನುತ್ತಿದ್ದೀರಿ ಎಂದು ಬೆರಗಾದ. ಇದ್ದದ್ದು ಇದ್ದ ಹಾಗೆ ಹೇಳಿದೆ. ನಾಲ್ಕು ಕಾಳು ಎತ್ತಿ ಬಾಯಿಗೆ ಹಾಕಿಕೊಂಡು, ಉಳಿದದ್ದು ಪೂರ್ತಿ ತಿಂದೇ ಹೊರಗೆ ಬನ್ನಿ ಎಂದ. ಆ ದಿನ ಮೂವರೂ ಶಿಖರದ ಮೇಲೆ ನಿಂತೆವು. ದಕ್ಷಿಣ ಯಾವ ಕಡೆ ಎಂದು ಕೇಳಿಕೊಂಡು, ಆ ಕಡೆ ತಿರುಗಿ ಕೈ ಮುಗಿದೆ. ಆಯಿಯ ಋಣ ಈ ಜನ್ಮಕ್ಕೆ ತೀರುವುದಿಲ್ಲ.

ಊರಿಗೆ ಬಂದ ದಿನವೇ ಹೋಗಿ ಕಾಲು ಮುಟ್ಟಿದೆ. ಆಯಿ ಶಿಖರದ ಸುದ್ದಿ ಕೇಳಲಿಲ್ಲ. ಹಾಸಿಗೆ ಬಿಡಿಸಿ ಮೂಲೆ ನೋಡಿದರು.

"ಖಾಲಿ ಹೊಟ್ಟೀಲೆ ತಂದೀಯಲ್ಲ ಇದನ್ನ! ತಗೋ, ದಾರ ಪೋಣಿಸು."

ಪೋಣಿಸಿ ಕೊಟ್ಟೆ. ಅವರು ಡಬ್ಬಿಗೆ ಕೈ ಹಾಕಿ, ಮುಷ್ಟಿ ಎತ್ತಿ ತೋರಿಸಿ ಕೇಳಿದರು, "ಎಷ್ಟು ಹಾಕ್ಲಿ? ತೂಕ ಮಾಡ್ತೀಯೇನು?"

"ನಿಮ್ಮ ಕೈಗೆ ಬಂದಷ್ಟು ಹಾಕ್ರಿ, ಆಯಿ" ಎಂದೆ.